ಪ್ಯಾಕೇಜಿನ ಹೊಣೆ ಯಾರದು? ಲಿನಕ್ಸ್‌ನಲ್ಲಿ ‘ಅಧಿಕೃತ ಬೆಂಬಲ’ ಎಂಬ ಮಾತಿನ ಒಳಗೇನಿದೆ

ಗದಗನ್ನು ‘ಮುದ್ರಣ ಕಾಶಿ’ ಎಂದು ಕರೆಯುವ ರೂಢಿ ಇನ್ನೂ ಉಳಿದಿದೆ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಸೊಸೈಟಿಗಳ ವಾರ್ಷಿಕ ವರದಿ, ಅಂಗಡಿಗಳ ಬಿಲ್ ಬುಕ್ಕು ಹೀಗೆ ವರ್ಷವಿಡೀ ಕೆಲಸವಿರುವ ಅಲ್ಲಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಮೂರು ಕಂಪ್ಯೂಟರ್‌ಗಳಿಗೆ ನಾನು ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟು 24.04 ಹಾಕಿಕೊಟ್ಟೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು, ಯಂತ್ರಗಳು ಗಟ್ಟಿಮುಟ್ಟಾಗಿದ್ದವು, ಹೊಸದನ್ನು ಕೊಳ್ಳಲು ಮಾಲೀಕರಿಗೆ ಮನಸ್ಸಿರಲಿಲ್ಲ. ಕೆಲವು ವಾರ ಕಳೆದ ಮೇಲೆ ಅಲ್ಲಿ ಡಿಟಿಪಿ ಮಾಡುವ ಹುಡುಗನ ಫೋನ್ ಬಂತು: “ಸರ್, ಅಪ್‌ಡೇಟ್ ಎಲ್ಲಾ ಆಗೇತ್ರಿ. ಆದ್ರ ಕೆಳಗ ಇನ್ನೊಂದಿಷ್ಟು ಹೆಸರು ತೋರಸಾಕತ್ತೈತಿ. ಇವ್ಯಾಕ ಬರವಲ್ವು?”

ಆತ ಕಳಿಸಿದ ಫೋಟೊದಲ್ಲಿ ಇದ್ದದ್ದು ಉಬುಂಟು ಬಳಸುವ ಬಹಳ ಜನ ನೋಡಿ ಮುಂದೆ ಹೋಗಿಬಿಡುವ ಸೂಚನೆ. ‘ಉಬುಂಟು ಪ್ರೋ’ ಸೇರಿಕೊಂಡರೆ ಈ ಕೆಳಗಿನವುಗಳಿಗೂ ಭದ್ರತಾ ಪರಿಷ್ಕರಣೆ ಸಿಗುತ್ತದೆ ಎಂದು ಅದು ಹೇಳುತ್ತಿತ್ತು. ಅದರ ಕೆಳಗೆ, ವಿಡಿಯೊ ಮತ್ತು ಧ್ವನಿಯ ಫೈಲ್‌ಗಳನ್ನು ಓದುವ ಎಫ್‌ಎಫ್‌ಎಂಪೆಗ್‌ಗೆ ಸೇರಿದ ಲೈಬ್ರರಿಗಳ (ಇತರ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಭಾಗಗಳ) ಹೆಸರು ಸಾಲಾಗಿದ್ದವು. ಹುಡುಗ ಕೇಳಿದ್ದು ಸರಳ ಪ್ರಶ್ನೆ. ಒಂದೇ ಕಂಪನಿ ಹೊರತಂದ, ಒಂದೇ ದಿನ ಹಾಕಿದ ವ್ಯವಸ್ಥೆಯಲ್ಲಿ ಕೆಲವು ತಂತ್ರಾಂಶಗಳಿಗೆ ಪರಿಷ್ಕರಣೆ ತಾನಾಗಿ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ ಎಂದರೆ ಈ ಗೆರೆಯನ್ನು ಎಳೆದವರು ಯಾರು, ಯಾವ ಆಧಾರದ ಮೇಲೆ?

ಉಬುಂಟುವಿನಲ್ಲಿ ತಂತ್ರಾಂಶಗಳು ‘ಪ್ಯಾಕೇಜ್’ ಎಂಬ ಕಟ್ಟುಗಳಾಗಿ ಬರುತ್ತವೆ. ಅವುಗಳ ಭಂಡಾರ ನಾಲ್ಕು ವಿಭಾಗಗಳಲ್ಲಿದೆ: ಮೇನ್, ರಿಸ್ಟ್ರಿಕ್ಟೆಡ್, ಯೂನಿವರ್ಸ್, ಮಲ್ಟಿವರ್ಸ್. ಮೇನ್‌ನಲ್ಲಿರುವುದು ಉಬುಂಟುವನ್ನು ಹೊರತರುವ ಕ್ಯಾನೊನಿಕಲ್ ಕಂಪನಿ ತಾನೇ ಹೊಣೆ ಹೊತ್ತ ಮುಕ್ತ ತಂತ್ರಾಂಶ. ರಿಸ್ಟ್ರಿಕ್ಟೆಡ್‌ನಲ್ಲಿ ಸ್ವಾಮ್ಯದ ಡ್ರೈವರ್‌ಗಳಿವೆ, ಮಲ್ಟಿವರ್ಸ್‌ನಲ್ಲಿ ಲೈಸೆನ್ಸ್ ಅಥವಾ ಕಾನೂನಿನ ತೊಡಕಿರುವವು ಇವೆ. ಉಳಿದುದೆಲ್ಲ ಯೂನಿವರ್ಸ್, ಅದು ಮುಕ್ತವೇ ಆದರೂ ಸಮುದಾಯದ ಸ್ವಯಂಸೇವಕರು ನೋಡಿಕೊಳ್ಳುವಂಥದ್ದು, ಬಹುಪಾಲು ಉಬುಂಟುವಿಗೆ ಆಧಾರವಾದ ಮತ್ತೊಂದು ಲಿನಕ್ಸ್ ರೂಪ (‘ವಿತರಣೆ’) ಡೆಬಿಯನ್‌ನಿಂದ ಬಂದದ್ದು. ಕ್ಯಾನೊನಿಕಲ್ ಕೊಡುವ ಲೆಕ್ಕದಲ್ಲಿ ಮೇನ್‌ನಲ್ಲಿ ಸುಮಾರು 2,300 ಪ್ಯಾಕೇಜ್‌ಗಳಿದ್ದರೆ ಯೂನಿವರ್ಸ್‌ನಲ್ಲಿ ಸುಮಾರು 23,000 ಇವೆ. ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಬೆಂಬಲ ಎಂದು ನಾವು ಕೇಳುವ ಮಾತು ಅನ್ವಯಿಸುವುದು ಈ ಮೊದಲನೆಯ ಚಿಕ್ಕ ಗುಂಪಿಗೆ.

ಮುದ್ರಣಾಲಯದ ಯಂತ್ರವನ್ನು ಈ ಕಣ್ಣಿನಿಂದ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಲಿಬ್ರೆಆಫೀಸ್, ಪ್ರಿಂಟರ್‌ಗೆ ಕೆಲಸ ಕಳಿಸುವ ಕಪ್ಸ್, ಪೋಸ್ಟ್‌ಸ್ಕ್ರಿಪ್ಟ್ ಮತ್ತು ಪಿಡಿಎಫ್ ಓದುವ ಘೋಸ್ಟ್‌ಸ್ಕ್ರಿಪ್ಟ್ ಇವು ಮೇನ್‌ನಲ್ಲಿವೆ. ಪುಟ ಕಟ್ಟುವ ಸ್ಕ್ರೈಬಸ್, ಚಿತ್ರ ತಿದ್ದುವ ಗಿಂಪ್, ರೇಖಾಚಿತ್ರದ ಇಂಕ್‌ಸ್ಕೇಪ್, ಹಳೆಯ ಮುದ್ರಿತ ಪುಟದಿಂದ ಕನ್ನಡ ಅಕ್ಷರ ಗುರುತಿಸುವ ಟೆಸರಾಕ್ಟ್ ಯೂನಿವರ್ಸ್‌ನಲ್ಲಿವೆ. ಹೊಟ್ಟೆ ತುಂಬಿಸುವ ಉಪಕರಣಗಳೆಲ್ಲ ಗೆರೆಯ ಆಚೆ ಬದಿಗಿವೆ ಎಂದಾಯಿತು. ಅವು ಕಳಪೆ ಎಂದು ಇದರಿಂದ ತೀರ್ಮಾನಿಸಿದರೆ ಅದು ಪೂರ್ತಿ ತಪ್ಪು. ಸ್ಕ್ರೈಬಸ್‌ನ 1.5 ಸರಣಿಯಲ್ಲಿ ಸಂಕೀರ್ಣ ಲಿಪಿಗಳ ಜೋಡಣೆ ಬಂದ ಮೇಲೆ ಕನ್ನಡದ ಒತ್ತಕ್ಷರಗಳು ಅದರಲ್ಲಿ ಸರಿಯಾಗಿ ಕೂರುತ್ತಿವೆ. ಅದು ದಿನವೂ ಕೆಲಸ ಕೊಡುವ ಉತ್ತಮ ತಂತ್ರಾಂಶ. ಹಾಗಾದರೆ ಅದು ಮೇನ್‌ನಲ್ಲಿ ಏಕಿಲ್ಲ ಎಂಬುದನ್ನು ತಿಳಿಯಲು, ಮೇನ್‌ಗೆ ಒಂದು ಪ್ಯಾಕೇಜ್ ಹೇಗೆ ಸೇರುತ್ತದೆ ಎಂಬುದನ್ನು ನೋಡಬೇಕು.

ಈ ಸೇರ್ಪಡೆಗೆ ‘ಮೇನ್ ಇನ್‌ಕ್ಲೂಷನ್ ರಿವ್ಯೂ’ ಎಂಬ ಪರಿಶೀಲನೆಯಿದೆ. ಎಲ್ಲರೂ ‘ಎಂಐಆರ್’ ಎಂದೇ ಕರೆಯುತ್ತಾರೆ. ಪ್ಯಾಕೇಜನ್ನು ಸೇರಿಸಬೇಕೆನ್ನುವವರು ಉಬುಂಟುವಿನ ಕೆಲಸ ನಡೆಯುವ ಜಾಲತಾಣ ಲಾಂಚ್‌ಪ್ಯಾಡ್‌ನಲ್ಲಿ ಒಂದು ಬಗ್ (ದೋಷ ಅಥವಾ ಬೇಡಿಕೆಯ ದಾಖಲೆ) ತೆರೆದು, ಗೊತ್ತುಪಡಿಸಿದ ನಮೂನೆಯಲ್ಲಿ ಉತ್ತರ ಬರೆಯಬೇಕು. ಇದು ಏಕೆ ಬೇಕು? ಇದೇ ಕೆಲಸ ಮಾಡುವ ಇನ್ನೊಂದು ಮೇನ್‌ನಲ್ಲಿ ಈಗಾಗಲೇ ಇದೆಯೇ? ಹಿಂದೆ ಎಂಥ ಭದ್ರತಾ ದೋಷಗಳು ಕಂಡವು, ಮೂಲ ಲೇಖಕರು ಅವನ್ನು ಎಷ್ಟು ಬೇಗ ಸರಿಪಡಿಸಿದರು? ಕಟ್ಟುವಾಗಲೇ ಓಡುವ ಪರೀಕ್ಷೆಗಳಿವೆಯೇ, ಕಟ್ಟಿ ಸ್ಥಾಪಿಸಿದ ಮೇಲೆ ಓಡುವ ‘ಆಟೋಪಿಕೆಜಿಟೆಸ್ಟ್’ ಇದೆಯೇ? ಬೇರೆಯವರ ಲೈಬ್ರರಿಯ ಪ್ರತಿಯನ್ನು ಒಳಗೇ ಹುದುಗಿಸಿಕೊಂಡಿದೆಯೇ? ಅದು ಓಡಲು ಬೇಕಾದ ಎಲ್ಲ ಅವಲಂಬನೆಗಳೂ ಮೇನ್‌ನಲ್ಲಿವೆಯೇ? ಬಳಕೆದಾರರು ತೆರೆದು ನೋಡುವ ತಂತ್ರಾಂಶವಾದರೆ ಅನುವಾದಕ್ಕೆ ಏರ್ಪಾಡಿದೆಯೇ? ಕೊನೆಗೆ, ಈ ಪ್ಯಾಕೇಜಿನ ಬಗ್‌ಗಳನ್ನು ನೋಡಿಕೊಳ್ಳಲು ಕಂಪನಿಯ ಒಳಗಿನ ಯಾವ ತಂಡ ಹೆಸರು ಕೊಟ್ಟಿದೆ?

ಕೊನೆಯ ಪ್ರಶ್ನೆ ನಮೂನೆಯಲ್ಲಿ ತಳದ ಕಡೆ ಬರುತ್ತದೆ, ಆದರೆ ನನ್ನ ದೃಷ್ಟಿಯಲ್ಲಿ ಇಡೀ ಪರಿಶೀಲನೆ ನಿಂತಿರುವುದು ಅದರ ಮೇಲೆ. ಒಂದು ಪ್ಯಾಕೇಜ್ ಎಷ್ಟೇ ಅಚ್ಚುಕಟ್ಟಾಗಿದ್ದರೂ, ಮುಂದಿನ ಐದು ವರ್ಷ ಅದರ ಬೆನ್ನಿಗೆ ನಿಲ್ಲುವ ತಂಡ ಇಲ್ಲದಿದ್ದರೆ ಅದು ಮೇನ್‌ಗೆ ಬರುವಂತಿಲ್ಲ. ಸ್ಕ್ರೈಬಸ್‌ಗೆ ಇಲ್ಲದಿರುವುದು ಅಂಥ ಹೊಣೆಗಾರರೇ. ಮೇನ್‌ನಲ್ಲಿರುವ ಬೇರೆ ಯಾವುದಕ್ಕೂ ಅದರ ಅಗತ್ಯವಿಲ್ಲ, ಡೆಸ್ಕ್‌ಟಾಪ್‌ನ ಮೂಲ ಪಟ್ಟಿಯಲ್ಲಿ ಅದಿಲ್ಲ. ಆದ್ದರಿಂದ ಅದನ್ನು ಹೊರಲು ಯಾರಿಗೂ ಕಾರಣ ಒದಗಿಲ್ಲ.

ಪರಿಶೀಲಿಸುವವರು ಕೇವಲ ಹೌದು ಅಥವಾ ಇಲ್ಲ ಎನ್ನುವುದು ಅಪರೂಪ. ಮಾಡಲೇಬೇಕಾದ ಕೆಲಸಗಳ ಪಟ್ಟಿಯೊಂದನ್ನು, ಮಾಡಿದರೆ ಒಳಿತು ಎನ್ನುವ ಇನ್ನೊಂದು ಪಟ್ಟಿಯನ್ನು ಬರೆದು ಹಿಂದಿರುಗಿಸುತ್ತಾರೆ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನ ಕಥೆ ಇದಕ್ಕೆ ಚೆನ್ನಾದ ಉದಾಹರಣೆ. 2014ರ 14.04 ಆವೃತ್ತಿಯ ಹೊತ್ತಿಗೆ ಅದನ್ನು ಮೇನ್‌ಗೆ ತರಬೇಕೆಂಬ ಬೇಡಿಕೆ ಬಲವಾಗಿತ್ತು. ಆದರೆ ಡೆಬಿಯನ್ ಕಟ್ಟಿದ್ದ ಪ್ಯಾಕೇಜಿನಲ್ಲಿ ಮೂಲ ತಂತ್ರಾಂಶದ ಜೊತೆಗೆ ಹೊರಗಿನವರು ಬರೆದ ಹಲವು ಮಾಡ್ಯೂಲ್‌ಗಳೂ ಸೇರಿದ್ದವು. ಅವುಗಳಿಗೆಲ್ಲ ಹೊಣೆ ಹೊರಲು ಸಾಧ್ಯವಿರಲಿಲ್ಲ. ಕೊನೆಗೆ ಮೂಲದವರ ಮಾಡ್ಯೂಲ್‌ಗಳು ಮಾತ್ರ ಇರುವ ‘ಎಂಜಿನ್‌ಎಕ್ಸ್-ಕೋರ್’ ಎಂಬ ಹೊಸ ಪ್ಯಾಕೇಜನ್ನು ಕಟ್ಟಿ ಅದನ್ನು ಮೇನ್‌ಗೆ ತೆಗೆದುಕೊಂಡರು. ಹೆಚ್ಚುವರಿ ಮಾಡ್ಯೂಲ್‌ಗಳಿರುವ ರೂಪಗಳು ಯೂನಿವರ್ಸ್‌ನಲ್ಲೇ ಉಳಿದವು. ಒಂದೇ ಮೂಲದಿಂದ ಹುಟ್ಟಿದ ಎರಡು ಪ್ಯಾಕೇಜ್‌ಗಳು ಗೆರೆಯ ಎರಡು ಬದಿಗೆ ಇರಬಹುದು ಎಂಬುದು ಇದರಿಂದ ಕಾಣುತ್ತದೆ. ಇದಕ್ಕೆ ತಿರುಗುಮುರುಗಾದ ದಾರಿಯೂ ಇದೆ. 2018ರ 18.04ರಲ್ಲಿ ಗಡಿಯಾರ ಹೊಂದಿಸುವ ಕೆಲಸಕ್ಕೆ ಕ್ರೋನಿ ಮೇನ್‌ಗೆ ಬಂತು, ಎಷ್ಟೋ ವರ್ಷ ಅಲ್ಲಿದ್ದ ಎನ್‌ಟಿಪಿ ಯೂನಿವರ್ಸ್‌ಗೆ ಇಳಿಯಿತು. ಒಂದೇ ಕೆಲಸಕ್ಕೆ ಎರಡು ತಂತ್ರಾಂಶಗಳನ್ನು ಕಾಯುವ ಹೊರೆ ಬೇಡ ಎಂಬ ಲೆಕ್ಕ ಅಲ್ಲಿತ್ತು.

ಕೆಲವು ಪ್ಯಾಕೇಜ್‌ಗಳು ಇನ್ನೂ ಒಂದು ಬಾಗಿಲು ದಾಟಬೇಕು. ಇಡೀ ಯಂತ್ರದ ಮೇಲೆ ಹಿಡಿತವಿರುವ ‘ರೂಟ್’ ಅಧಿಕಾರದಲ್ಲಿ ಓಡುವ ಸೇವೆ, ನೆಟ್‌ವರ್ಕ್ ಪೋರ್ಟ್ (ಹೊರಗಿನ ಸಂಪರ್ಕ ಬರುವ, ಸಂಖ್ಯೆಯಿಂದ ಗುರುತಿಸುವ ಬಾಗಿಲು) ತೆರೆಯುವಂಥದ್ದು, ಅಪರಿಚಿತರು ಕಳಿಸಿದ ಫೈಲ್ ಬಿಚ್ಚಿ ಓದುವಂಥದ್ದು ಇವೆಲ್ಲ ಭದ್ರತಾ ತಂಡದ ಪ್ರತ್ಯೇಕ ಪರಿಶೀಲನೆಗೆ ಹೋಗುತ್ತವೆ. ಈ ಎಚ್ಚರ ಏಕೆ ಎಂಬುದು 2024ರ ಸೆಪ್ಟೆಂಬರ್‌ನಲ್ಲಿ ಮುದ್ರಣಾಲಯಗಳಿಗೇ ಹತ್ತಿರದ ಒಂದು ಪ್ರಕರಣದಲ್ಲಿ ಕಂಡಿತು. ನೆಟ್‌ವರ್ಕ್‌ನಲ್ಲಿರುವ ಪ್ರಿಂಟರ್‌ಗಳನ್ನು ತಾನಾಗಿ ಹುಡುಕುವ ‘ಕಪ್ಸ್-ಬ್ರೌಸ್ಡ್’ ಎಂಬ ಸೇವೆ 631ನೇ ಪೋರ್ಟ್‌ನಲ್ಲಿ ಯಾರು ಏನು ಕಳಿಸಿದರೂ ನಂಬುತ್ತಿತ್ತು. ಹೊರಗಿನವನೊಬ್ಬ ತನ್ನದೇ ಸುಳ್ಳು ಪ್ರಿಂಟರನ್ನು ನಮ್ಮ ಯಂತ್ರದಲ್ಲಿ ಸೇರಿಸಬಹುದಿತ್ತು, ನಾವು ಅದಕ್ಕೆ ಒಂದು ಪುಟ ಮುದ್ರಿಸಲು ಕಳಿಸಿದ ಗಳಿಗೆಯಲ್ಲಿ ಅವನ ಆದೇಶ ನಮ್ಮ ಯಂತ್ರದಲ್ಲಿ ಓಡುತ್ತಿತ್ತು. ಈ ಸೇವೆ ಮೇನ್‌ನಲ್ಲಿದ್ದದ್ದೇ. ಪರಿಶೀಲನೆ ಅದನ್ನು ದೋಷದಿಂದ ಕಾಪಾಡಲಿಲ್ಲ. ಆದರೆ ದೋಷ ಹೊರಬಿದ್ದ ಬೆನ್ನಿಗೇ ಪರಿಷ್ಕರಣೆ ಎಲ್ಲ ಬಳಕೆದಾರರಿಗೂ, ಯಾವ ಚಂದಾವೂ ಇಲ್ಲದೆ, ಬಂತು. ಅಧಿಕೃತ ಬೆಂಬಲದಿಂದ ನಾವು ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಅಳತೆ ನನಗೆ ಸಿಕ್ಕಿಲ್ಲ.

ಪರಿಶೀಲನೆಯ ಮಿತಿಯನ್ನು ತಿಳಿಯಲು ನಮ್ಮ ಹುಬ್ಬಳ್ಳಿಯ ಬೆಂಗೇರಿಯ ಕಡೆ ನೋಡಬಹುದು. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ರಾಷ್ಟ್ರಧ್ವಜ ತಯಾರಿಸುತ್ತದೆ, ಭಾರತೀಯ ಮಾನಕ ಬ್ಯೂರೋದ ಪರವಾನಗಿ ಪಡೆದು. ನೂಲು, ನೇಯ್ಗೆ, ಬಣ್ಣ, ಅಳತೆ, ಅಶೋಕ ಚಕ್ರದ ಅಚ್ಚು ಎಲ್ಲಕ್ಕೂ ನಿಗದಿಯಾದ ಮಾನದಂಡವಿದೆ. ಪರವಾನಗಿ ಒಮ್ಮೆ ಸಿಕ್ಕಿತೆಂದು ಮುಂದಿನ ಬಟ್ಟೆಯನ್ನು ನೋಡದೆ ಕಳಿಸುವಂತಿಲ್ಲ. ಹೊಸ ಬಟ್ಟೆ ಮತ್ತೆ ಪರೀಕ್ಷೆಗೆ ಒಳಗಾಗುತ್ತದೆ. ತಂತ್ರಾಂಶದ ಪರಿಶೀಲನೆ ಹಾಗಿಲ್ಲ. ಪ್ಯಾಕೇಜ್ ಮೇನ್‌ಗೆ ಬರುವಾಗ ಅದರ ಒಂದು ಆವೃತ್ತಿಯನ್ನು ಮನುಷ್ಯರು ಕೂತು ಓದುತ್ತಾರೆ. ಆಮೇಲೆ ವರ್ಷಗಟ್ಟಲೆ ಹೊಸ ಆವೃತ್ತಿಗಳು ಅದೇ ಹೆಸರಿನಲ್ಲಿ ಬರುತ್ತಲೇ ಇರುತ್ತವೆ, ಮೂಲ ಲೇಖಕರು ಬದಲಾಗುತ್ತಾರೆ, ಆದರೆ ಅದೇ ಬಗೆಯ ಪೂರ್ಣ ಪರಿಶೀಲನೆ ಪ್ರತಿ ಸಲವೂ ನಡೆಯುವುದಿಲ್ಲ.

ಈ ಸಂದಿನಲ್ಲಿಯೇ 2024ರ ‘ಎಕ್ಸ್‌ಝಡ್’ ಪ್ರಕರಣ ನುಗ್ಗಿತು. ಎಕ್ಸ್‌ಝಡ್ ಎಂಬುದು ಫೈಲ್‌ಗಳನ್ನು ಕುಗ್ಗಿಸುವ ಪುಟ್ಟ ತಂತ್ರಾಂಶ, ಲಿನಕ್ಸ್ ವಿತರಣೆಗಳ ತಳಪಾಯದಲ್ಲಿ ಎಷ್ಟೋ ವರ್ಷದಿಂದ ಇರುವಂಥದ್ದು. ಅದನ್ನು ಬಹುಮಟ್ಟಿಗೆ ಒಬ್ಬನೇ ಸ್ವಯಂಸೇವಕ ನೋಡಿಕೊಳ್ಳುತ್ತಿದ್ದ. ‘ಜಿಯಾ ಟ್ಯಾನ್’ ಎಂಬ ಹೆಸರಿನಲ್ಲಿ ಬಂದವರು ಎರಡು ವರ್ಷಕ್ಕೂ ಹೆಚ್ಚು ಕಾಲ ನಿಜವಾದ ಕೆಲಸ ಮಾಡಿ, ವಿಶ್ವಾಸ ಗಳಿಸಿ, ಬಿಡುಗಡೆ ಮಾಡುವ ಅಧಿಕಾರ ಪಡೆದರು. ನಂತರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಪರೀಕ್ಷೆಗೆಂದು ಇಟ್ಟ ಬೈನರಿ ಫೈಲ್‌ಗಳ ಒಳಗೆ ಹಿಂಬಾಗಿಲನ್ನು ಅಡಗಿಸಿದರು. ಅದನ್ನು ಎಬ್ಬಿಸುವ ಸಾಲುಗಳು ಎಲ್ಲರೂ ನೋಡಬಹುದಾದ ಗಿಟ್ ಭಂಡಾರದಲ್ಲಿರಲಿಲ್ಲ, ಬಿಡುಗಡೆಗೆಂದು ಫೈಲ್‌ಗಳನ್ನು ಒಟ್ಟುಗೂಡಿಸಿ ಕಟ್ಟಿದ ಟಾರ್‌ಬಾಲ್‌ನಲ್ಲಿ ಮಾತ್ರ ಇದ್ದವು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಯಂತ್ರವನ್ನು ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿರುವುದೇಕೆ ಎಂದು ಬೆನ್ನುಹತ್ತಿ ಹೋಗಿ ಕಂಡದ್ದನ್ನು ಬಹಿರಂಗಪಡಿಸಿದರು. ಉಬುಂಟು 24.04 ಆಗ ಬೀಟಾ ಹಂತದ ಹೊಸ್ತಿಲಲ್ಲಿತ್ತು. ಬೀಟಾವನ್ನು ಒಂದು ವಾರ ಮುಂದೂಡಿ, ಅನುಮಾನದ ಅವಧಿಯಲ್ಲಿ ಕಟ್ಟಿದ್ದ ಪ್ಯಾಕೇಜ್‌ಗಳನ್ನೆಲ್ಲ ಹೊಸದಾಗಿ ಕಟ್ಟಿದರು. ಗದಗದ ಮುದ್ರಣಾಲಯದಲ್ಲಿ ಈಗ ಓಡುತ್ತಿರುವುದು ಅದೇ ಆವೃತ್ತಿ ಎಂಬುದನ್ನು ನೆನೆದಾಗ ಆ ಒಂದು ವಾರದ ಬೆಲೆ ನನಗೆ ತಟ್ಟುತ್ತದೆ.

ತಪ್ಪು ಯಾವಾಗಲೂ ಹೊರಗಿನಿಂದಲೇ ಬರಬೇಕೆಂದಿಲ್ಲ. 2006ರಲ್ಲಿ ಡೆಬಿಯನ್‌ನಲ್ಲಿ, ಗುಪ್ತ ಕೀಲಿಗಳನ್ನು ಸೃಷ್ಟಿಸುವ ಓಪನ್‌ಎಸ್‌ಎಸ್‌ಎಲ್‌ನ ಹೊಣೆ ಹೊತ್ತವರು, ದೋಷ ಹುಡುಕುವ ಉಪಕರಣವೊಂದರ ಎಚ್ಚರಿಕೆಯನ್ನು ನಿಲ್ಲಿಸಲು ಒಂದೆರಡು ಸಾಲು ತೆಗೆದುಹಾಕಿದರು. ಅದರಿಂದ ಕೀಲಿಗಳ ಯಾದೃಚ್ಛಿಕತೆ ಕುಸಿದು, ಓಡುವ ತಂತ್ರಾಂಶಕ್ಕೆ ಯಂತ್ರ ಕೊಡುವ ಪ್ರೋಸೆಸ್ ಸಂಖ್ಯೆಯಷ್ಟೇ ಉಳಿಯಿತು. ಊಹಿಸಬೇಕಾದ ಸಾಧ್ಯತೆಗಳು 32,768ಕ್ಕೆ ಇಳಿದವು. ಇದು ಗೊತ್ತಾದದ್ದು 2008ರ ಮೇ ತಿಂಗಳಲ್ಲಿ. ಡೆಬಿಯನ್ ಆಧಾರದ ಮೇಲೆ ನಿಂತ ಉಬುಂಟುವೂ ಅದರಲ್ಲಿ ಸಿಕ್ಕಿಕೊಂಡಿತ್ತು. ನೋಡಿಕೊಳ್ಳುವವರಿದ್ದರು, ಅವರಿಗೆ ಕಾಳಜಿಯೂ ಇತ್ತು. ಅವರ ಬದಲಾವಣೆಯನ್ನು ಇನ್ನೊಬ್ಬರು ಪರೀಕ್ಷಿಸುವ ಏರ್ಪಾಡು ಇರಲಿಲ್ಲ.

ಹಾಗಾಗಿ ಪರಿಶೀಲನೆಯ ನಮೂನೆಯಲ್ಲಿ ನನಗೆ ಹೊಣೆಗಾರ ತಂಡದ ನಂತರ ಅತಿ ಮುಖ್ಯವಾಗಿ ಕಾಣುವುದು ಪರೀಕ್ಷೆಗಳ ಪ್ರಶ್ನೆ. ಪರಿಶೀಲನೆ ಮುಗಿದ ಮೇಲೂ ಕೆಲಸ ಮಾಡುತ್ತಲೇ ಇರುವ ಭಾಗ ಅದು. ಒಂದು ಪ್ಯಾಕೇಜಿನ ಹೊಸ ಆವೃತ್ತಿ ಉಬುಂಟುವಿಗೆ ಬಂದಾಗ ಮೊದಲು ‘ಪ್ರಪೋಸ್ಡ್’ ಎಂಬ ಕಟ್ಟೆಯಲ್ಲಿ ನಿಲ್ಲುತ್ತದೆ. ಅದರ ಆಟೋಪಿಕೆಜಿಟೆಸ್ಟ್‌ಗಳ ಜೊತೆಗೆ ಅದನ್ನು ಅವಲಂಬಿಸಿದ ಇತರ ಪ್ಯಾಕೇಜ್‌ಗಳ ಪರೀಕ್ಷೆಗಳೂ ಓಡುತ್ತವೆ. ಹಿಂದೆ ಸರಿಯಿದ್ದದ್ದು ಈಗ ಕೆಟ್ಟರೆ ಹೊಸ ಆವೃತ್ತಿ ಮುಂದಕ್ಕೆ ಹೋಗುವುದಿಲ್ಲ. ಬೆಂಗೇರಿಯಲ್ಲಿ ಹೊಸ ಬಟ್ಟೆಗೆ ನಡೆಯುವ ತಪಾಸಣೆಗೆ ಹತ್ತಿರವಾದದ್ದು ಈ ವ್ಯವಸ್ಥೆಯೊಂದೇ. ಅದೂ ಬರೆದಿಟ್ಟ ಪರೀಕ್ಷೆಗಳಷ್ಟೇ ಬಲವಾದದ್ದು. 2025ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 25.10ರಲ್ಲಿ, ಕಮಾಂಡ್ ಸಾಲಿನ ಮೂಲ ಉಪಕರಣಗಳನ್ನು ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದ ರೂಪಕ್ಕೆ ಬದಲಿಸಲಾಯಿತು. ಅದರ ‘ಡೇಟ್’ ಆದೇಶ ಫೈಲಿನ ದಿನಾಂಕ ಕೇಳಿದಾಗ ತಪ್ಪು ಉತ್ತರ ಕೊಡುತ್ತಿತ್ತು. ಅದರಿಂದ ಕೆಲವು ಯಂತ್ರಗಳಲ್ಲಿ ಪರಿಷ್ಕರಣೆಗಳನ್ನು ತಾನಾಗಿ ಹುಡುಕುವ ಕೆಲಸವೇ ನಿಂತುಹೋಯಿತು. ಭದ್ರತೆಗೆಂದು ಮಾಡಿದ ಬದಲಾವಣೆ ಭದ್ರತಾ ಪರಿಷ್ಕರಣೆಯ ದಾರಿಯನ್ನೇ ತಡೆಯಿತು, ಏಕೆಂದರೆ ಆ ತಪ್ಪನ್ನು ದಾರಿಯಲ್ಲಿದ್ದ ಯಾವ ಪರೀಕ್ಷೆಯೂ ಹಿಡಿಯಲಿಲ್ಲ.

ಬೇರೆ ವಿತರಣೆಗಳು ಗೆರೆಯನ್ನು ಬೇರೆ ಕಡೆ ಎಳೆದಿವೆ. ಫೆಡೋರಾದಲ್ಲಿ ಹೊಸ ಪ್ಯಾಕೇಜ್ ಭಂಡಾರಕ್ಕೆ ಬರಬೇಕಾದರೇ ಇನ್ನೊಬ್ಬರ ಪರಿಶೀಲನೆ ಆಗಬೇಕು. ರೆಡ್ ಹ್ಯಾಟ್ ತನ್ನ ವ್ಯವಸ್ಥೆಯ ಹೊರಗೆ ಸಮುದಾಯದ ಪ್ಯಾಕೇಜ್‌ಗಳಿಗೆ ‘ಎಪೆಲ್’ ಎಂಬ ಬೇರೆ ಭಂಡಾರ ಇರಲು ಬಿಟ್ಟಿದೆ, ಅದಕ್ಕೆ ಬೆಂಬಲದ ಹೊಣೆ ಹೊತ್ತಿಲ್ಲ. ಆರ್ಚ್‌ನ ‘ಎಯುಆರ್’ನಲ್ಲಿ ಯಾರು ಬೇಕಾದರೂ ಕಟ್ಟುವ ವಿಧಾನ ಬರೆದಿಡಬಹುದು; ಓದಿ ನೋಡುವ ಹೊಣೆ ಪೂರ್ತಿ ಬಳಸುವವರದು.

ಉಬುಂಟು ಪ್ರೋ ಬಗ್ಗೆ ಒಂದು ಮಾತು. 2023ರ ಜನವರಿಯಲ್ಲಿ ಸಾರ್ವಜನಿಕ ಬಳಕೆಗೆ ಬಂದ ಈ ಯೋಜನೆ ಯೂನಿವರ್ಸ್‌ಗೂ ಭದ್ರತಾ ಪರಿಷ್ಕರಣೆ ಕೊಡುತ್ತದೆ, ಮೇನ್‌ಗೆ ಹತ್ತು ವರ್ಷದವರೆಗೆ ಅವಧಿ ಹಿಗ್ಗಿಸುತ್ತದೆ. ವೈಯಕ್ತಿಕ ಬಳಕೆಗೆ, ಸ್ವಂತ ವ್ಯಾಪಾರವೂ ಸೇರಿ, ಐದು ಯಂತ್ರಗಳವರೆಗೆ ಹಣ ಕೊಡಬೇಕಿಲ್ಲ. ಮುಕ್ತ ತಂತ್ರಾಂಶದ ಪರಿಷ್ಕರಣೆಗೆ ಖಾತೆ ಮತ್ತು ಟೋಕನ್ ಬೇಕಾಗಿರುವುದು ನನಗೆ ಒಪ್ಪಿಗೆಯಾದ ಸಂಗತಿಯಲ್ಲ. ಆದರೆ ಇಪ್ಪತ್ಮೂರು ಸಾವಿರ ಪ್ಯಾಕೇಜ್‌ಗಳ ದೋಷಗಳನ್ನು ಹಿಂದಿನ ಆವೃತ್ತಿಗಳಿಗೆ ತಿದ್ದಿ ಕೂಡಿಸುವ ಕೆಲಸಕ್ಕೆ ಜನ ಬೇಕು, ಅವರಿಗೆ ಸಂಬಳ ಬೇಕು ಎಂಬುದನ್ನೂ ನಾನು ಮರೆಯಲಾರೆ. ಎಕ್ಸ್‌ಝಡ್‌ನ ಒಬ್ಬಂಟಿ ಸ್ವಯಂಸೇವಕನಿಗೆ ಆದದ್ದೇನು ಎಂದು ನೋಡಿದ ಮೇಲಂತೂ ಈ ಪ್ರಶ್ನೆಯನ್ನು ತೆಗಳಿ ಬಿಡುವುದು ಕಷ್ಟ.

ಕನ್ನಡ ಬಳಸುವವರಿಗೆ ಈ ವಿಷಯ ಇನ್ನೂ ಒಂದು ಕಡೆಯಿಂದ ತಾಗುತ್ತದೆ. ಅದೇ ಮುದ್ರಣಾಲಯದಲ್ಲಿ ಶಾಲೆಯೊಂದರ ಅಭಿನಂದನಾ ಫಲಕ ಸಿದ್ಧಮಾಡುವಾಗ ‘ರ‍್ಯಾಂಕ್’ ಎಂಬ ಪದ ‘ರ್ಯಾಂಕ್’ ಎಂದು ಅರ್ಕಾವತ್ತಾಗಿ ಮೂಡಿತು. ಹುಡುಗ ಫಾಂಟು ಕೆಟ್ಟಿದೆ ಎಂದುಕೊಂಡ. ನಿಜಕ್ಕೂ ರಕಾರದ ನಂತರ ಬರಬೇಕಾದ, ಕಣ್ಣಿಗೆ ಕಾಣದ ‘ಜೋಡಕ’ ಚಿಹ್ನೆ ಬೆರಳಚ್ಚಿಸುವಾಗ ಬಿಟ್ಟುಹೋಗಿತ್ತು. ಈ ಸಲ ತಪ್ಪು ನಮ್ಮದೇ. ಆದರೆ ಆ ಚಿಹ್ನೆಯಿದ್ದಾಗ ಅಕ್ಷರ ಸರಿಯಾಗಿ ಮೂಡಬೇಕಾದರೆ ಕೀಲಿಮಣೆಯ ವಿನ್ಯಾಸ, ಅಕ್ಷರ ಜೋಡಿಸುವ ಹಾರ್ಫ್‌ಬಜ್ ಲೈಬ್ರರಿ, ಗುಬ್ಬಿ ಅಥವಾ ನವಿಲು ಅಥವಾ ಲೋಹಿತ್‌ನಂಥ ಫಾಂಟು, ಪುಟ ಕಟ್ಟುವ ತಂತ್ರಾಂಶ ಇಷ್ಟೂ ಹೊಂದಿಕೊಂಡಿರಬೇಕು. ಇವುಗಳಲ್ಲಿ ಒಂದು ಹೊಸ ಆವೃತ್ತಿಗೆ ಹೋದಾಗ ಉಳಿದದ್ದರ ಮೇಲೆ ಏನಾಯಿತೆಂದು ಇಂಗ್ಲಿಷ್ ಮಾತ್ರ ಓದುವ ಪರಿಶೀಲಕರಿಗೆ ತಿಳಿಯುವ ದಾರಿಯಿಲ್ಲ. ಪರದೆಯ ಮೇಲೆ ಏನೋ ಒಂದು ಅಕ್ಷರ ಮೂಡಿದರೆ ಅವರಿಗೆ ಎಲ್ಲ ಸರಿಯಿದೆ.

ಇಲ್ಲಿ ಧಾರವಾಡ, ಹುಬ್ಬಳ್ಳಿ, ಹಾವೇರಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಕಣ್ಣೆದುರೇ ಇದೆ. ಡೆಬಿಯನ್ ಪ್ಯಾಕೇಜೊಂದಕ್ಕೆ ಆಟೋಪಿಕೆಜಿಟೆಸ್ಟ್ ಸೇರಿಸಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ಹತ್ತಿಪ್ಪತ್ತು ಕನ್ನಡ ಪದಗಳ ಪಟ್ಟಿ: ರ‍್ಯಾಂಕ್, ರಾಷ್ಟ್ರ, ಸ್ತ್ರೀ, ಅರ್ಘ್ಯ, ಕ್ಷ್ಮ. ಅವು ಜೋಡಣೆಯಾದಾಗ ಬರಬೇಕಾದ ಆಕಾರಗಳ ಕ್ರಮ ಯಾವುದೆಂದು ಒಮ್ಮೆ ದಾಖಲಿಸಿ, ಹೊಸ ಆವೃತ್ತಿಯಲ್ಲಿ ಅದೇ ಬಂತೇ ಎಂದು ಹೋಲಿಸುವ ಸಣ್ಣ ಸ್ಕ್ರಿಪ್ಟ್. ಅದನ್ನು ಡೆಬಿಯನ್‌ನಲ್ಲಿ ಒಪ್ಪಿದರೆ ಉಬುಂಟುವಿಗೂ ಬರುತ್ತದೆ. ಆಮೇಲೆ ಹಾರ್ಫ್‌ಬಜ್ ಬದಲಾದಾಗಲೆಲ್ಲ ಆ ಪದಗಳನ್ನು ಯಂತ್ರ ತಾನೇ ಓದಿ ನೋಡುತ್ತದೆ, ನಾವು ನೆನಪಿಟ್ಟುಕೊಳ್ಳಲಿ ಬಿಡಲಿ. ಕನ್ನಡದ ಉಪಕರಣವೊಂದನ್ನು ಮೇನ್‌ಗೆ ತರಬೇಕೆಂಬ ಅರ್ಜಿಗೂ ಇಂಥ ಪರೀಕ್ಷೆಗಳೇ ಅತ್ಯುತ್ತಮ ಸಾಕ್ಷಿ, ಏಕೆಂದರೆ ಅದನ್ನು ಹೊರಲಿರುವ ತಂಡಕ್ಕೆ ಕನ್ನಡ ಬಾರದಿದ್ದರೂ ಕೆಟ್ಟದ್ದು ಗೊತ್ತಾಗುತ್ತದೆ.

ಮುದ್ರಣಾಲಯದಲ್ಲಿ ಮುಂದಿನ ಭಾನುವಾರ ಕೂತು ಮೂರು ಯಂತ್ರಗಳಲ್ಲೂ ‘ಪ್ರೋ ಸೆಕ್ಯುರಿಟಿ-ಸ್ಟೇಟಸ್’ ಆದೇಶ ಕೊಟ್ಟೆವು. ಸುಮಾರು ಎರಡು ಸಾವಿರ ಪ್ಯಾಕೇಜ್‌ಗಳಲ್ಲಿ ಎಷ್ಟು ಯಾವ ವಿಭಾಗದಿಂದ ಬಂದಿವೆ, ಎಷ್ಟಕ್ಕೆ ಯಾವ ವರ್ಷದವರೆಗೆ ಪರಿಷ್ಕರಣೆ ಎಂದು ಅದು ಬಿಡಿಸಿ ತೋರಿಸಿತು. ಯಾವ ಭಂಡಾರಕ್ಕೂ ಸೇರದ, ಎಂದೋ ಎಲ್ಲಿಂದಲೋ ಇಳಿಸಿಕೊಂಡು ಹಾಕಿದ ಎರಡು ಪ್ಯಾಕೇಜ್‌ಗಳೂ ಸಿಕ್ಕವು. ಅವುಗಳ ಅಗತ್ಯ ಏನೆಂದು ಯಾರಿಗೂ ನೆನಪಿರಲಿಲ್ಲ, ತೆಗೆದುಹಾಕಿದೆವು. ಮಾಲೀಕರ ಹೆಸರಿನಲ್ಲಿ ಖಾತೆ ತೆರೆದು ಮೂರಕ್ಕೂ ಪ್ರೋ ಜೋಡಿಸಿದೆವು. ನಾಲ್ಕನೆಯದೊಂದು ಹಳೆಯ ವಿಂಡೋಸ್ ಯಂತ್ರ ಮೂಲೆಯಲ್ಲಿದೆ. ಯುನಿಕೋಡ್ ಬಳಕೆಗೆ ಬರುವ ಮೊದಲು ಆಸ್ಕಿ ಫಾಂಟುಗಳಲ್ಲಿ ಕೂಡಿಸಿದ ಇಪ್ಪತ್ತು ವರ್ಷದ ಕೆಲಸ ಅದರಲ್ಲಿದೆ. ಅದರ ನೆಟ್‌ವರ್ಕ್ ತಂತಿಯನ್ನು ಹುಡುಗ ಕಿತ್ತು ಸುತ್ತಿಟ್ಟ, ಫೈಲ್ ಬೇಕಾದಾಗ ಪೆನ್‌ಡ್ರೈವ್‌ನಲ್ಲಿ ಒಯ್ಯುವುದೆಂದು ತೀರ್ಮಾನವಾಯಿತು.